ಹಬ್ಬದೂಟ ಬಿಡಬೇಡಿ, ಮರುದಿನ ಹುಷಾರಾಗಿರಿ: ಹಬ್ಬದ ಸೀಸನ್‌ನಲ್ಲಿ ತೂಕ ಏರದಂತೆ ನೋಡಿಕೊಳ್ಳುವ ಬಗೆ

ಹಬ್ಬ, ರಜೆ, ಮದುವೆ, ನೆಂಟರ ಓಡಾಟ ಎಲ್ಲ ಒಟ್ಟಿಗೆ ಬೀಳುವ ತಿಂಗಳುಗಳಲ್ಲಿ ತೂಕ ಏರುತ್ತದೆ ಅನ್ನುವುದು ಯಾರಿಗೂ ಹೊಸ ಸುದ್ದಿ ಅಲ್ಲ. ಆದರೆ ಎಷ್ಟು ಏರಿತು ಅಂತ ಕೇಳಿ ನೋಡಿ, ಎರಡು ಕೆಜಿ, ಮೂರು ಕೆಜಿ ಅಂತ ಎಲ್ಲರೂ ಜಾಸ್ತಿಯೇ ಹೇಳುತ್ತಾರೆ. ನಿಜವಾಗಿ ತೂಗಿ ನೋಡಿದರೆ ಲೆಕ್ಕ ಬೇರೆ ಬರುತ್ತದೆ. ಅಮೆರಿಕದಲ್ಲಿ 195 ವಯಸ್ಕರನ್ನು ನವೆಂಬರ್ ಮಧ್ಯದಿಂದ ಜನವರಿವರೆಗೆ, ಅಂದರೆ ಅಲ್ಲಿನ ಹಬ್ಬದ ಸೀಸನ್ ಪೂರ್ತಿ, ತೂಗುತ್ತಾ ಬಂದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಸರಾಸರಿ ಏರಿಕೆ 0.37 ಕೆಜಿ. ಅರ್ಧ ಕೆಜಿಯೂ ಇಲ್ಲ. ತಮಾಷೆ ಏನೆಂದರೆ, ಅದೇ ಜನ ತಮ್ಮ ತೂಕ ಇದರ ಸುಮಾರು ನಾಲ್ಕು ಪಟ್ಟು ಏರಿದೆ ಅಂದುಕೊಂಡಿದ್ದರು.

ಇಷ್ಟೇ ಆದರೆ ತಲೆ ಕೆಡಿಸಿಕೊಳ್ಳೋದು ಯಾಕೆ, ಅಲ್ವಾ? ಯಾಕೆಂದರೆ ಬಂದ ತೂಕ ವಾಪಸ್ ಹೋಗಲಿಲ್ಲ. ಅವರಲ್ಲಿ ಬಹಳ ಜನರನ್ನು ಒಂದು ವರ್ಷ ಕಳೆದ ಮೇಲೆ ಮತ್ತೆ ತೂಗಿದಾಗ, ಹಬ್ಬದಲ್ಲಿ ಬಂದದ್ದು ಅಲ್ಲೇ ಕೂತಿತ್ತು. ವರ್ಷಕ್ಕೆ ಏರುವ ತೂಕದಲ್ಲಿ ದೊಡ್ಡ ಪಾಲು ಈ ಕೆಲವೇ ವಾರಗಳದ್ದು. ಪ್ಯಾಂಟ್ ಬಿಗಿಯಾಗುವಷ್ಟು ಒಂದೇ ಸಲ ಬಂದಿದ್ದರೆ ಯಾರಾದರೂ ಎಚ್ಚೆತ್ತುಕೊಳ್ಳುತ್ತಿದ್ದರು. ಹೀಗೆ ಸದ್ದಿಲ್ಲದೆ ಬರುವುದರಿಂದ ಹತ್ತು ವರ್ಷ ಕಳೆದ ಮೇಲೆ ಇದೆಲ್ಲ ಯಾವಾಗ ಬಂತು ಅಂತಲೇ ಗೊತ್ತಾಗುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕೆಜಿ ಕೊಬ್ಬು ಮೈಗೆ ಸೇರಬೇಕಾದರೆ ಅಂದಾಜು 7,700 ಕ್ಯಾಲೊರಿ ಹೆಚ್ಚುವರಿ ಬೇಕು. 0.37 ಕೆಜಿಗೆ 2,850ರಷ್ಟಾಯಿತು. ಅದನ್ನು ಆರೇಳು ವಾರಕ್ಕೆ ಹಂಚಿದರೆ ದಿನಕ್ಕೆ 60ರಿಂದ 70 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇರುತ್ತದೆ, ಅದರ ಅರ್ಧ ಅನ್ನಿ. ದೇಹದ ಲೆಕ್ಕ ಇಷ್ಟು ಸಲೀಸಾಗಿ ಇರುವುದಿಲ್ಲ, ನಿಜ. ಆದರೂ ಕಳ್ಳ ಎಲ್ಲಿದ್ದಾನೆ ಅಂತ ಇದರಿಂದ ಗೊತ್ತಾಗುತ್ತದೆ. ಹಬ್ಬದ ದಿನ ಹೊಟ್ಟೆ ಬಿರಿಯ ತಿಂದದ್ದನ್ನೇ ನಾವು ಬೈದುಕೊಳ್ಳುತ್ತೇವೆ. ಆ ಊಟಗಳು ಇಡೀ ಸೀಸನ್‌ನಲ್ಲಿ ಬೆರಳೆಣಿಕೆಯಷ್ಟು. ಮಿಕ್ಕ ಮೂವತ್ತು ನಲವತ್ತು ದಿನ ಡಬ್ಬಿಯಿಂದ ಒಂದು ಚೂರು, ಆಫೀಸಿನಲ್ಲಿ ಯಾರೋ ತಂದ ಒಂದು ತುಂಡು, ರಾತ್ರಿ ಫ್ರಿಜ್ ಮುಂದೆ ನಿಂತು ಒಂದು ತುತ್ತು ಅಂತ ಹೋಗುತ್ತಲ್ಲ, ಕೆಲಸ ಕೆಡಿಸುವುದು ಅದು. ಹಾಗಾಗಿ ಕೆಳಗೆ ಹೇಳಿರುವುದರಲ್ಲಿ ಬಹುಪಾಲು ಹಬ್ಬದ ಹಿಂದೆಮುಂದಿನ ದಿನಗಳ ಬಗ್ಗೆಯೇ ಇದೆ.

ಹೆಜ್ಜೆ 1: ಸೀಸನ್ ಶುರುವಾಗುವ ಮೊದಲೇ ತೂಕ ಬರೆದಿಡಿ

ಮೊದಲ ಹಬ್ಬಕ್ಕೆ ಒಂದು ವಾರ ಇರುವಾಗ ತೂಕ ನೋಡಿ ಎಲ್ಲಾದರೂ ಬರೆದಿಡಿ. ಬೆಳಿಗ್ಗೆ ಎದ್ದು, ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಏನೂ ತಿನ್ನದೆ ಕುಡಿಯದೆ, ಹೆಚ್ಚುಕಡಿಮೆ ಒಂದೇ ತರದ ಬಟ್ಟೆಯಲ್ಲಿ. ತೂಕದ ಮಷೀನ್ ಗಟ್ಟಿ ನೆಲದ ಮೇಲಿರಲಿ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ಸುಮ್ನೆ ಏನೇನೋ ತೋರಿಸುತ್ತದೆ. ಆಮೇಲೆ ಸೀಸನ್ ಮುಗಿಯುವವರೆಗೆ ವಾರಕ್ಕೆ ಎರಡು ಸಲ ಇದನ್ನೇ ಮಾಡಿ.

ತೂಕ ನೋಡಿಕೊಂಡರೆ ತೂಕ ಇಳಿಯುತ್ತಾ ಅಂತ ನಗಬಹುದು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದರು, 2018ರಲ್ಲಿ ಫಲಿತಾಂಶ ಬಂತು. ಕ್ರಿಸ್ಮಸ್ ಸಮಯದಲ್ಲಿ 272 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ಬಗ್ಗೆ ಒಂದು ಕರಪತ್ರ ಕೊಟ್ಟು ಸುಮ್ಮನಾದರು. ಇನ್ನೊಂದು ಗುಂಪಿಗೆ ಹೇಳಿದ್ದು ಮೂರು ವಿಷಯ: ವಾರಕ್ಕೆ ಕನಿಷ್ಠ ಎರಡು ಸಲ ತೂಕ ನೋಡಿ ಬರೆಯಿರಿ, ಈ ಹತ್ತು ಸಲಹೆ ಪಾಲಿಸಿ, ಹಬ್ಬದ ಯಾವ ತಿನಿಸಿಗೆ ಎಷ್ಟು ಹೊತ್ತು ನಡೆಯಬೇಕು ಅನ್ನುವ ಈ ಪಟ್ಟಿ ನೋಡಿಕೊಳ್ಳಿ. ಕರಪತ್ರದ ಗುಂಪು ಸರಾಸರಿ 0.37 ಕೆಜಿ ಏರಿತು. ತೂಕ ನೋಡಿಕೊಂಡ ಗುಂಪು ಏರಲೇ ಇಲ್ಲ, 0.13 ಕೆಜಿ ಇಳಿದಿತ್ತು. ಜಿಮ್ ಇಲ್ಲ, ಡಯಟ್ ಪ್ಲಾನ್ ಇಲ್ಲ, ಪುಡಿ ಮಾತ್ರೆ ಏನೂ ಇಲ್ಲ.

ಆದರೆ ತೂಕದ ಮಷೀನ್ ನೋಡಿ ಹೆದರುವವರಿಗೆ ಒಂದು ವಿಷಯ ಗೊತ್ತಿರಬೇಕು. ಹಬ್ಬದ ಮರುದಿನ ಬೆಳಿಗ್ಗೆ ಒಂದೂವರೆ ಕೆಜಿ ಜಾಸ್ತಿ ತೋರಿಸಿದರೆ ಅದು ಕೊಬ್ಬಲ್ಲ. ಒಂದೂವರೆ ಕೆಜಿ ಕೊಬ್ಬು ಬರಬೇಕಾದರೆ ಒಂದೇ ದಿನದಲ್ಲಿ ನಿಮ್ಮ ಮಾಮೂಲಿ ಊಟದ ಮೇಲೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕು. ಅದು ಯಾರ ಕೈಲೂ ಆಗುವ ಮಾತಲ್ಲ. ನಡೆದದ್ದು ಇಷ್ಟು: ಅನ್ನ, ಹಿಟ್ಟು, ಸಕ್ಕರೆ ಜಾಸ್ತಿ ತಿಂದಾಗ ದೇಹ ಅದರಲ್ಲಿ ಸ್ವಲ್ಪವನ್ನು ಗ್ಲೈಕೋಜನ್ ಅಂತ ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ. ಹಬ್ಬದಡುಗೆಯ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ತಿಂದದ್ದು ಇನ್ನೂ ಹೊಟ್ಟೆ ಕರುಳಲ್ಲೇ ಇದೆ. ಮೂರ್ನಾಲ್ಕು ದಿನ ಮಾಮೂಲಿ ಊಟ ಮಾಡಿದರೆ ಇದರಲ್ಲಿ ಬಹುಪಾಲು ತಾನೇ ಹೋಗುತ್ತದೆ. ಹಾಗಾಗಿ ಹಬ್ಬದ ಮರುದಿನ ಬೆಳಿಗ್ಗೆಯ ಅಂಕಿಯನ್ನು ನಂಬಬೇಡಿ, ಬೇಕಿದ್ದರೆ ಅವತ್ತು ಮಷೀನ್ ಹತ್ತಲೇಬೇಡಿ. ನಾಲ್ಕೈದು ದಿನ ಕಳೆದ ಮೇಲಿನ ಅಂಕಿ ನೋಡಿ.

ಇದೇ ವಿಷಯ ಉಲ್ಟಾನೂ ನಿಜ. ಹಬ್ಬ ಮುಗಿದ ಮೇಲೆ ಯಾರಾದರೂ "ಮೂರು ದಿನ ಬರೀ ಜ್ಯೂಸ್ ಕುಡಿದೆ, ಎರಡು ಕೆಜಿ ಇಳಿದೆ" ಅಂದರೆ, ಇಳಿದದ್ದರಲ್ಲಿ ಬಹುಪಾಲು ನೀರೇ.

ತೂಕದ ಅಂಕಿ ನೋಡಿದರೆ ಮನಸ್ಸು ಕೆಡುತ್ತದೆ, ಊಟವೇ ಬೇಡ ಅನಿಸುತ್ತದೆ ಅನ್ನುವವರು, ಊಟದ ವಿಷಯದಲ್ಲಿ ಹಿಂದೆ ಯಾವಾಗಲಾದರೂ ಕಾಯಿಲೆ ಅನ್ನುವಷ್ಟು ತೊಂದರೆ ಪಟ್ಟವರು ಈ ಹೆಜ್ಜೆಯನ್ನು ಬಿಟ್ಟುಬಿಡಿ. ಬೆಳೆಯುವ ಮಕ್ಕಳನ್ನು, ಬಸುರಿಯರನ್ನು ಈ ಲೆಕ್ಕಕ್ಕೆ ಎಳೆಯಲೇಬೇಡಿ.

ಹೆಜ್ಜೆ 2: ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ

ಮುಂದಿನ ಒಂದೂವರೆ ಎರಡು ತಿಂಗಳಲ್ಲಿ ನಿಜವಾದ ಹಬ್ಬದೂಟ ಎಷ್ಟಿದೆ ಅಂತ ಗುರುತು ಹಾಕಿ. ಹಬ್ಬಗಳು, ಹತ್ತಿರದವರ ಮದುವೆ, ಆಫೀಸಿನ ಪಾರ್ಟಿ, ಯಾರೋ ಊರಿಂದ ಬರುವುದು. ತುಂಬಾ ಅನಿಸಿದರೂ ಎಣಿಸಿದರೆ ಎಂಟೋ ಹತ್ತೋ ಇರುತ್ತದೆ ಅಷ್ಟೆ. ಅವತ್ತು ಏನು ಬೇಕೋ ತಿನ್ನಿ, ಲೆಕ್ಕ ಬೇಡ. ಗುರುತು ಇಲ್ಲದ ದಿನ ಮಾಮೂಲಿ ದಿನ, ಮಾಮೂಲಿ ಊಟ. "ಹೇಗೂ ಹಬ್ಬದ ಟೈಮು" ಅನ್ನುವ ಮಾತಿಗೆ ಆ ದಿನ ಬೆಲೆ ಇಲ್ಲ.

ಇನ್ನೊಂದು ಮಾತು. ಈ ತಿಂಗಳುಗಳಲ್ಲಿ ತೂಕ ಇಳಿಸಲು ಹೋಗಬೇಡಿ. ಇದ್ದ ತೂಕ ಇದ್ದಲ್ಲೇ ಇದ್ದರೆ ಗೆದ್ದಂತೆ. ಇಳಿಸುವ ಆಸೆಗೆ ಬಿದ್ದವರು ಎರಡನೇ ವಾರದಲ್ಲೇ ಒಂದು ಮದುವೆಯಲ್ಲಿ ಜೋರಾಗಿ ತಿಂದು, "ಆಯ್ತಲ್ಲ, ಇನ್ನೇನು, ಹೊಸ ವರ್ಷಕ್ಕೆ ನೋಡೋಣ" ಅಂತ ಎಲ್ಲ ಕೈಬಿಡುತ್ತಾರೆ. ಅಲ್ಲಿಂದ ಮುಂದಿನ ಐದು ವಾರ ಲಂಗುಲಗಾಮಿಲ್ಲ.

ಹೆಜ್ಜೆ 3: ಮನೆಗೆ ಬರುವ ಡಬ್ಬಿಗಳಿಗೆ ಒಂದು ದಾರಿ ಮಾಡಿ

ಸೀಸನ್‌ನಲ್ಲಿ ಮನೆಗೆ ಸಿಹಿ ಡಬ್ಬಿಗಳು ಬರುತ್ತಲೇ ಇರುತ್ತವೆ. ಡೈನಿಂಗ್ ಟೇಬಲ್ ಮೇಲೆ ಮುಚ್ಚಳ ತೆಗೆದು ಇಟ್ಟಿರುತ್ತೀರಿ. ಆ ಕಡೆ ಹೋಗುವಾಗ ಒಂದು, ಈ ಕಡೆ ಬರುವಾಗ ಅರ್ಧ. ಆ ಅರ್ಧ ತಿಂದವರ ಮನಸ್ಸಿನಲ್ಲಿ ಮಿಕ್ಕ ಅರ್ಧ ಇನ್ನೂ ಬಾಕಿ ಇರುತ್ತದೆ, ಹತ್ತು ನಿಮಿಷಕ್ಕೆ ಅದೂ ಖಾಲಿ. ಹಸಿವಿಗೂ ಇದಕ್ಕೂ ಸಂಬಂಧವೇ ಇಲ್ಲ. ಕಣ್ಣಿಗೆ ಬಿತ್ತು, ಕೈಗೆ ಸಿಕ್ಕಿತು, ಬಾಯಿಗೆ ಹೋಯಿತು.

ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಡಬ್ಬಿಯ ಜಾಗ ಬದಲಿಸುವುದು ಸುಲಭ. ಬಂದ ದಿನವೇ ಡಬ್ಬಿ ತೆರೆದು, ಮನೆಯವರಿಗೆ ನಿಜಕ್ಕೂ ಇಷ್ಟ ಇರುವುದನ್ನು ನಾಲ್ಕೈದು ತುಂಡು ತೆಗೆದಿಡಿ. ಮಿಕ್ಕದ್ದು ಅವತ್ತೇ ಅಥವಾ ಮರುದಿನ ಮನೆಯಿಂದ ಹೊರಗೆ ಹೋಗಲಿ. ಪಕ್ಕದ ಮನೆ, ಕೆಲಸಕ್ಕೆ ಬರುವವರು, ಕಾವಲುಗಾರರು, ಯಾರಿಗಾದರೂ ಕೊಡಿ. ನಾಲ್ಕು ದಿನ ಇಟ್ಟು ಒಣಗಿದ ಮೇಲೆ ಕೊಡಬೇಡಿ, ಅದು ಮರ್ಯಾದೆ ಅಲ್ಲ. ತೆಗೆದಿಟ್ಟದ್ದನ್ನು ಒಳಗೆ ಕಾಣದ ಡಬ್ಬಿಗೆ ಹಾಕಿ ಕೈಗೆ ಸುಲಭವಾಗಿ ಎಟುಕದ ಶೆಲ್ಫಿಗೆ ಸೇರಿಸಿ. ಸ್ಟೂಲ್ ಎಳೆದು ಹತ್ತಬೇಕು ಅಂದರೆ ಅರ್ಧ ಸಲ ಬೇಡ ಅನಿಸುತ್ತದೆ.

ನೀವೇ ಮನೆಯಲ್ಲಿ ಮಾಡುವುದಾದರೆ ಒಂದು ವಾರ ಮೊದಲು ಮಾಡಿ ಡಬ್ಬಿ ತುಂಬಿಸಿಡಬೇಡಿ, ಹಬ್ಬಕ್ಕೆ ಒಂದು ದಿನ ಇರುವಾಗ ಮಾಡಿ. ಇಲ್ಲವಾದರೆ ಹಬ್ಬಕ್ಕೆ ಮೊದಲೇ ಅರ್ಧ ಖಾಲಿಯಾಗಿ, ಹಬ್ಬಕ್ಕೆ ಅಂತ ಇನ್ನೊಂದು ಸಲ ಮಾಡುತ್ತೀರಿ. ಇದು ಎಷ್ಟು ಮನೆಯ ಕತೆ ಅಂತ ಎಲ್ಲರಿಗೂ ಗೊತ್ತು. ಅಳತೆಯೂ ಅಷ್ಟೇ: ಆರು ಜನಕ್ಕೆ ಮಾಡುವಾಗ "ಯಾರಾದರೂ ಬಂದರೆ ಇರಲಿ" ಅಂತ ಹನ್ನೆರಡು ಜನರದ್ದು ಮಾಡಿದರೆ, ಬರದ ಆರು ಜನರ ಪಾಲು ಮುಂದಿನ ಮೂರು ದಿನ ನಿಮ್ಮದೇ.

ಅಂಗಡಿಯ ಪ್ಯಾಕೆಟ್ ತಿನಿಸಿನ ಬಗ್ಗೆ ಬೇರೆಯಾಗಿ ಹೇಳಬೇಕು. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ಮತ್ತು ಜೊತೆಯವರು 20 ಜನರನ್ನು ಒಂದು ಕಡೆ ಇರಿಸಿ, ಎರಡು ವಾರ ಫ್ಯಾಕ್ಟರಿಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿದರು. ಎಷ್ಟು ಬೇಕೋ ಅಷ್ಟು ತಿನ್ನಿ ಅಂತ ಬಿಟ್ಟಿದ್ದರು. ಫ್ಯಾಕ್ಟರಿ ಆಹಾರ ತಿಂದ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೋಗಿತ್ತು, ತೂಕವೂ ಏರಿತ್ತು. ಹಬ್ಬಕ್ಕೆ ಅಂತ ಕೈಯಾರೆ ಮಾಡಿದ್ದನ್ನು ಕೂತು ಖುಷಿಯಿಂದ ತಿನ್ನಿ. ವರ್ಷವಿಡೀ ಸಿಗುವ ಚಿಪ್ಸ್ ಬಿಸ್ಕತ್ತಿಗೆ ಹಬ್ಬದ ನೆಪ ಯಾಕೆ?

ಹೆಜ್ಜೆ 4: ರಾತ್ರಿಯ ಊಟಕ್ಕೆ ಅಂತ ಬೆಳಿಗ್ಗೆಯಿಂದ ಉಪವಾಸ ಇರಬೇಡಿ

ರಾತ್ರಿ ಪಾರ್ಟಿ ಇದೆ, ಬೆಳಿಗ್ಗೆಯಿಂದ ಏನೂ ತಿನ್ನುವುದಿಲ್ಲ ಅನ್ನುವುದು ಕೇಳಲು ಜಾಣತನದ ಲೆಕ್ಕ. ನಡೆಯುವುದು ಬೇರೆ. ಹಸಿದು ಹೋದವರ ಕೈ ಮೊದಲು ಹೋಗುವುದು ಕರಿದದ್ದರ ಮೇಲೆ, ನಿಂತುಕೊಂಡೇ ಐದಾರು ತುಂಡು ಖಾಲಿ, ಊಟ ಆಮೇಲೆ. ಮೇಲೆ ಹೇಳಿದ 2000ದ ಅಧ್ಯಯನದಲ್ಲೂ ಹೆಚ್ಚು ಹಸಿವು ಇತ್ತು ಅಂದವರ ತೂಕ ಜಾಸ್ತಿ ಏರಿತ್ತು, ಓಡಾಟ ಹೆಚ್ಚು ಮಾಡಿದೆವು ಅಂದವರದ್ದು ಕಡಿಮೆ.

ಬೆಳಿಗ್ಗೆ, ಮಧ್ಯಾಹ್ನ ಹಗುರಾಗಿ ತಿನ್ನಿ, ಆದರೆ ತಿನ್ನಿ. ಮೊಟ್ಟೆ, ಮೊಸರು, ಬೇಳೆಕಾಳು, ಮೀನು, ನಿಮಗೆ ಒಗ್ಗುವ ಯಾವುದಾದರೂ ಪ್ರೊಟೀನ್ ಇರಲಿ, ಜೊತೆಗೆ ತರಕಾರಿ. ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಮನೆ ಬಿಡುವ ಅರ್ಧ ಗಂಟೆ ಮೊದಲು ಒಂದು ಹಣ್ಣು, ಒಂದು ಲೋಟ ನೀರು.

ಶುಗರ್ ಇರುವವರು, ಅದರಲ್ಲೂ ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳುವವರು, ಊಟ ತಪ್ಪಿಸುವ ಸಾಹಸಕ್ಕೆ ಹೋಗಲೇಬಾರದು. ಶುಗರ್ ದಿಢೀರ್ ಅಂತ ಇಳಿದು ತಲೆ ತಿರುಗಿ ಬೀಳುವ ಅಪಾಯ ಇದೆ. ಧಾರ್ಮಿಕ ಉಪವಾಸ ಮಾಡಲೇಬೇಕು ಅನ್ನುವವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ, ಮಾತ್ರೆಯ ಹೊತ್ತು ಮತ್ತು ಪ್ರಮಾಣ ಕೇಳಿಕೊಳ್ಳಿ.

ಹೆಜ್ಜೆ 5: ತಟ್ಟೆ ಎತ್ತಿಕೊಳ್ಳುವ ಮೊದಲು ಒಂದು ಸುತ್ತು ಹಾಕಿ

ಬಫೆ ಇದ್ದರೆ ಸೀದಾ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಡಿ. ಬರಿಗೈಲಿ ಒಮ್ಮೆ ಆ ತುದಿಯವರೆಗೆ ಹೋಗಿ, ಏನೇನಿದೆ ನೋಡಿ ಬನ್ನಿ. ಸಾಲಿನಲ್ಲಿ ನಿಂತವರು ಮೊದಲ ನಾಲ್ಕು ಪಾತ್ರೆಗಳಲ್ಲೇ ತಟ್ಟೆ ತುಂಬಿಸಿಕೊಂಡು, ಕೊನೆಯಲ್ಲಿ ತಮಗೆ ತುಂಬಾ ಇಷ್ಟದ ಐಟಂ ಕಂಡಾಗ ಅದರ ಮೇಲೆ ಅದನ್ನೂ ಪೇರಿಸುತ್ತಾರೆ.

ಹಬ್ಬದೂಟದಲ್ಲಿ ಜಾಸ್ತಿ ತಿನ್ನುವುದಕ್ಕೆ ರುಚಿ ಒಂದೇ ಕಾರಣ ಅಲ್ಲ, ಬಗೆಬಗೆಯಾಗಿ ಇರುವುದೂ ಕಾರಣ. ಒಂದೇ ತಿನಿಸು ತಿನ್ನುತ್ತಾ ಹೋದರೆ ಅದರ ಮೇಲಿನ ಆಸೆ ಬೇಗ ಕಡಿಮೆಯಾಗುತ್ತದೆ, ಬೇರೆ ರುಚಿಯದ್ದು ಬಂದರೆ ಆಸೆ ಮತ್ತೆ ಚಿಗುರುತ್ತದೆ. ಬಾರ್ಬರಾ ರೋಲ್ಸ್ ಮತ್ತಿತರ ಸಂಶೋಧಕರು 1980ರ ದಶಕದ ಶುರುವಿನಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ. ಊಟ ಮುಗಿದು "ಇನ್ನೊಂದು ತುತ್ತೂ ಆಗಲ್ಲ" ಅಂದವರು ಐಸ್‌ಕ್ರೀಮ್ ಬಂದಾಗ ಕೈ ಚಾಚುವುದು ಇದಕ್ಕೇ. ಹೊಟ್ಟೆಯಲ್ಲಿ ಸಿಹಿಗೆ ಬೇರೆ ಜಾಗ ಇಲ್ಲ, ಖಾರಕ್ಕೆ ಸಾಕಾದ ನಾಲಿಗೆ ಸಿಹಿಗೆ ಇನ್ನೂ ಹೊಸದು, ಅಷ್ಟೆ.

ಹಾಗಾಗಿ ಮೂವತ್ತು ಐಟಂ ಇದ್ದರೆ ಮೂವತ್ತನ್ನೂ ರುಚಿ ನೋಡಬೇಕು ಅನ್ನುವ ಹಟ ಬೇಡ. ಸುತ್ತು ಹಾಕಿ ಬಂದಾಗ ಮೂರೋ ನಾಲ್ಕೋ ಆರಿಸಿಕೊಳ್ಳಿ. ವರ್ಷಕ್ಕೊಮ್ಮೆ ಮಾತ್ರ ಸಿಗುವುದು, ಅಥವಾ ಇವರ ಮನೆಯಲ್ಲೇ ಚೆನ್ನಾಗಿರುವುದು. ದಿನಾ ತಿನ್ನುವುದನ್ನೇ ಇಲ್ಲೂ ತುಂಬಿಸಿಕೊಳ್ಳುವುದು ಜಾಗ ದಂಡ. ಮೊದಲು ತರಕಾರಿ, ಪ್ರೊಟೀನ್ ಇರುವುದು ಸ್ವಲ್ಪ ಹೊಟ್ಟೆಗೆ ಹೋಗಲಿ, ಆಮೇಲೆ ನಿಮ್ಮ ಇಷ್ಟದ್ದು. ಸಣ್ಣ ಸಣ್ಣ ಪ್ರಮಾಣ ಹಾಕಿಕೊಳ್ಳಿ, ಬೇಕಾದರೆ ಇನ್ನೊಂದು ಸಲ ಎದ್ದು ಹೋಗಬಹುದಲ್ಲ.

ಕೂತು ತಿನ್ನಿ. ನಿಧಾನವಾಗಿ ತಿನ್ನಿ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿಗೆ ಮುಟ್ಟುವುದಕ್ಕೆ ಸ್ವಲ್ಪ ಹೊತ್ತು ಬೇಕು, ಹತ್ತೇ ನಿಮಿಷದಲ್ಲಿ ಊಟ ಮುಗಿಸಿದರೆ ಸುದ್ದಿ ಬರುವಷ್ಟರಲ್ಲಿ ಎರಡನೇ ಸುತ್ತು ಆಗಿರುತ್ತದೆ.

ಕೊಬ್ಬಿನ ಲೆಕ್ಕ ಒಂದನ್ನು ಮಾತ್ರ ತಲೆಯಲ್ಲಿಟ್ಟುಕೊಳ್ಳಿ, ಬೇರೇನೂ ಬೇಡ. ಒಂದು ಗ್ರಾಂ ಪ್ರೊಟೀನ್‌ನಲ್ಲಿ, ಒಂದು ಗ್ರಾಂ ಸಕ್ಕರೆಯಲ್ಲಿ ತಲಾ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆ ತುಪ್ಪದಲ್ಲಿ 9. ಕರಿದ ಸಿಹಿ ಅಂದರೆ ಎರಡೂ ಒಟ್ಟಿಗೆ. ಇದನ್ನು ಹೇಳಿದ್ದು ನೀವು ಬಿಡಲಿ ಅಂತಲ್ಲ, ಒಂದು ತುಂಡಿಗೂ ನಾಲ್ಕು ತುಂಡಿಗೂ ಎಷ್ಟು ವ್ಯತ್ಯಾಸ ಅಂತ ಗೊತ್ತಿರಲಿ ಅಂತ.

ಹೆಜ್ಜೆ 6: "ಇನ್ನೊಂದೇ ಒಂದು" ಅನ್ನುವವರಿಗೆ ಉತ್ತರ ರೆಡಿ ಇರಲಿ

ಎಲ್ಲ ಪ್ಲಾನ್ ಕೆಡುವುದು ಇಲ್ಲಿ. ಚಿಕ್ಕಮ್ಮ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ.

"ಇದೇನೋ, ಇಷ್ಟೇನಾ ತಿನ್ನೋದು? ಇನ್ನೊಂದೇ ಒಂದು ಹಾಕಿಸ್ಕೋ."

"ಸಾಕು ಚಿಕ್ಕಮ್ಮ, ನಾನು ಡಯಟ್ ಮಾಡ್ತಾ ಇದೀನಿ."

ಮುಗೀತು. ಡಯಟ್ ಅಂದ ತಕ್ಷಣ ಸುತ್ತಲಿನ ಎಂಟು ಜನಕ್ಕೂ ನಿಮ್ಮ ತೂಕದ ಬಗ್ಗೆ ಮಾತಾಡಲು ಅವಕಾಶ ಕೊಟ್ಟಂತಾಯಿತು. "ಹಬ್ಬದ ದಿನ ಎಂಥ ಡಯಟ್ಟು" ಅಂತ ಒಬ್ಬರು, "ನೀನು ಸಣ್ಣಗೇ ಇದೀಯಲ್ಲ" ಅಂತ ಒಬ್ಬರು, "ನಮ್ಮ ಪಕ್ಕದ ಮನೆಯವನು ಹೀಗೇ ಮಾಡಿ ಆಸ್ಪತ್ರೆ ಸೇರಿದ" ಅಂತ ಇನ್ನೊಬ್ಬರು. ಅಷ್ಟರಲ್ಲಿ ತಟ್ಟೆಗೆ ಎರಡು ಬಿದ್ದಿರುತ್ತದೆ.

ಡಯಟ್ ಅನ್ನುವ ಮಾತೇ ಎತ್ತಬೇಡಿ. ಮೊದಲು ಹೊಗಳಿ, ಆಮೇಲೆ ಬೇಡ ಅನ್ನಿ: "ಚಿಕ್ಕಮ್ಮ, ಎಷ್ಟು ಚೆನ್ನಾಗಿದೆ ಗೊತ್ತಾ, ಆಗಲೇ ಎರಡು ತಿಂದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟು ನಾನೇ ಹಾಕ್ಕೋತೀನಿ." ಬಡಿಸುವವರಿಗೆ ಬೇಕಾಗಿರುವುದು ತಾವು ಮಾಡಿದ್ದು ಚೆನ್ನಾಗಿತ್ತು ಅನ್ನುವ ಮಾತು. ಅದು ಸಿಕ್ಕರೆ ಪಾತ್ರೆ ಮುಂದಿನ ತಟ್ಟೆಗೆ ಹೋಗುತ್ತದೆ. ಒಂದು ಸಣ್ಣ ಉಪಾಯವೂ ಇದೆ, ತಟ್ಟೆಯನ್ನು ಪೂರ್ತಿ ಖಾಲಿ ಮಾಡಬೇಡಿ, ಒಂದೆರಡು ತುತ್ತು ಬಾಕಿ ಇರಲಿ. ಖಾಲಿ ತಟ್ಟೆ ಕಂಡರೆ ಬಡಿಸುವ ಕೈ ತಡೆಯುವುದಿಲ್ಲ. ಎದ್ದು ಹೊರಡುವ ಹೊತ್ತಿಗೆ ಆ ಒಂದೆರಡು ತುತ್ತು ಮುಗಿಸಿದರೆ ದಂಡ ಮಾಡಿದಂತೆಯೂ ಆಗುವುದಿಲ್ಲ.

ನೀವೇ ಬಡಿಸುವವರಾದರೆ, ಒಂದು ಸಲ ಕೇಳಿ, ಎರಡು ಸಲ ಕೇಳಿ, ಮೂರನೇ ಸಲ ಬೇಡ.

ಹೆಜ್ಜೆ 7: ಲೋಟದಲ್ಲಿ ಬರುವುದನ್ನೂ ಎಣಿಸಿ

330 ಎಂಎಲ್‌ನ ಒಂದು ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟೊಂಬತ್ತು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ, ಮೇಲಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ. ಡಬ್ಬಿಯ ಹಣ್ಣಿನ ಜ್ಯೂಸ್ ಕೂಡ ಸಕ್ಕರೆಯ ವಿಷಯದಲ್ಲಿ ಇದರಿಂದ ಬಹಳ ದೂರ ಇಲ್ಲ. ಕುಡಿದ ಕ್ಯಾಲೊರಿ ತಿಂದ ಕ್ಯಾಲೊರಿಯಷ್ಟು ಹೊಟ್ಟೆ ತುಂಬಿಸುವುದೂ ಇಲ್ಲ. ಕೋಲಾ ಕುಡಿದೆ ಅಂತ ಯಾರೂ ಒಂದು ತುತ್ತು ಕಡಿಮೆ ಊಟ ಮಾಡಿದ್ದು ನಾನಂತೂ ನೋಡಿಲ್ಲ.

ಮದ್ಯ ಕುಡಿಯುವವರಿಗೆ: ಒಂದು ಗ್ರಾಂ ಆಲ್ಕೋಹಾಲ್‌ನಲ್ಲಿ 7 ಕ್ಯಾಲೊರಿ, ಹೆಚ್ಚುಕಡಿಮೆ ಕೊಬ್ಬಿನ ಹತ್ತಿರ. ದೇಹ ಮೊದಲು ಅದನ್ನೇ ಉರಿಸುತ್ತದೆ, ಕೊಬ್ಬು ಸರದಿಯಲ್ಲಿ ಕಾಯುತ್ತದೆ. ಜೊತೆಗೆ ನೆಂಚಿಕೊಳ್ಳುವ ಕರಿದದ್ದು, ಹುರಿದದ್ದು ಎಷ್ಟು ಹೋಯಿತು ಅಂತ ಎರಡನೇ ಗ್ಲಾಸಿನ ಮೇಲೆ ನೆನಪಿರುವುದಿಲ್ಲ. ಒಂದು ಗ್ಲಾಸ್ ಮದ್ಯ, ಮುಂದಿನದು ನೀರು ಅಂತ ಮಾಡಿಕೊಂಡರೆ ಅರ್ಧಕ್ಕರ್ಧ ಇಳಿಯುತ್ತದೆ.

ಹೆಜ್ಜೆ 8: ನೆಂಟರು ಹೋದ ಮೇಲಿನ ಅಡುಗೆಮನೆ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ.

ರಾತ್ರಿ ಹತ್ತೂವರೆ. ಕೊನೆಯ ನೆಂಟರನ್ನು ಗೇಟಿನವರೆಗೆ ಬಿಟ್ಟು ಬಂದು ಅಡುಗೆಮನೆಗೆ ಹೋಗುತ್ತೀರಿ. ದೊಡ್ಡ ಪಾತ್ರೆಯಲ್ಲಿದ್ದದ್ದನ್ನು ಸಣ್ಣ ಡಬ್ಬಿಗೆ ಹಾಕುವಾಗ ಕೊನೆಯ ಎರಡು ಚಮಚ ಹಿಡಿಸುವುದಿಲ್ಲ, ಅದು ಬಾಯಿಗೆ. ಸೌಟಿಗೆ ಅಂಟಿದ್ದು ಬಾಯಿಗೆ. ತಟ್ಟೆಯಲ್ಲಿ ಮಿಕ್ಕ ಮೂರು ಕರಿದ ತುಂಡು, ಅದಕ್ಕೆ ಅಂತ ಒಂದು ಡಬ್ಬಿ ಯಾಕೆ ತೊಳೆಯುವುದು ಅಂತ ಅದೂ ಬಾಯಿಗೆ. ಮಗು ಅರ್ಧ ಬಿಟ್ಟ ಸಿಹಿ, ಎಸೆಯಲು ಮನಸ್ಸು ಬರುವುದಿಲ್ಲ. ಇದ್ಯಾವುದೂ ಊಟ ಅಂತ ಲೆಕ್ಕಕ್ಕೇ ಬರುವುದಿಲ್ಲ, ಯಾಕೆಂದರೆ ನಿಂತುಕೊಂಡು, ಕೆಲಸ ಮಾಡುತ್ತಾ, ಒಬ್ಬರೇ ಇದ್ದಾಗ ಆಗಿದ್ದು. ಮನೆಯಲ್ಲಿ ಅಡುಗೆ ಮಾಡುವವರದ್ದೇ ತೂಕ ಯಾಕೆ ಏರುತ್ತದೆ, ಅವರು ಸರಿಯಾಗಿ ಕೂತು ಊಟ ಕೂಡ ಮಾಡಲ್ಲವಲ್ಲ ಅಂತ ಆಶ್ಚರ್ಯ ಪಡುವವರು ಈ ಹೊತ್ತಿನಲ್ಲಿ ಅಡುಗೆಮನೆಗೆ ಬಂದು ನಿಲ್ಲಬೇಕು. ಸುಮ್ಮನೆ ನಿಲ್ಲುವುದೂ ಬೇಡ, ಪಾತ್ರೆ ತೊಳೆದುಕೊಡಬೇಕು.

ಏನು ಮಾಡಬಹುದು? ಖಾಲಿ ಡಬ್ಬಿಗಳನ್ನು ಊಟಕ್ಕೆ ಮೊದಲೇ ತೊಳೆದು ಸಾಲಾಗಿ ಇಟ್ಟುಕೊಳ್ಳಿ, ಸಣ್ಣವೂ ಇರಲಿ. ಹೋಗುವ ನೆಂಟರ ಕೈಗೆ ಒಂದೊಂದು ಡಬ್ಬಿ ಕಟ್ಟಿಕೊಡಿ, ಅವರು ಬೇಡ ಅನ್ನುವ ಮೊದಲೇ. ಎತ್ತಿಡುವ ಕೆಲಸಕ್ಕೆ ಕೂರುವ ಮೊದಲು ಹಲ್ಲುಜ್ಜಿಬಿಡಿ. ಕೇಳಲು ಬಾಲಿಶ ಅನಿಸಬಹುದು, ಆದರೆ ಪೇಸ್ಟಿನ ರುಚಿ ಬಾಯಲ್ಲಿರುವಾಗ ಯಾವ ಸಿಹಿಯೂ ರುಚಿಸುವುದಿಲ್ಲ. ಇಬ್ಬರು ಸೇರಿ ಎತ್ತಿಡಿ, ಇನ್ನೊಬ್ಬರ ಎದುರು ಕೈ ಅಷ್ಟು ಸಲೀಸಾಗಿ ಬಾಯಿಗೆ ಹೋಗುವುದಿಲ್ಲ. ಅಡುಗೆ ಮಾಡಿದವರು ಎಲ್ಲರ ಜೊತೆ ಕೂತು ಊಟ ಮಾಡುವಂತೆ ನೋಡಿಕೊಳ್ಳಿ. ಹಸಿದ ಹೊಟ್ಟೆಯಲ್ಲಿ ರಾತ್ರಿ ಹತ್ತೂವರೆಗೆ ಅಡುಗೆಮನೆ ಸೇರಿದವರಿಗೆ ಯಾವ ಉಪಾಯವೂ ನಡೆಯುವುದಿಲ್ಲ.

ಉಳಿದದ್ದನ್ನು ಒಬ್ಬರ ಒಂದು ಊಟದಷ್ಟು ಅಳತೆಗೆ ಬೇರೆ ಬೇರೆ ಡಬ್ಬಿಗೆ ಹಾಕಿ. ದೊಡ್ಡ ಪಾತ್ರೆಯನ್ನೇ ಫ್ರಿಜ್‌ಗೆ ತಳ್ಳಿದರೆ ಚಮಚ ಹಾಕಿ ಹಾಕಿ ತೆಗೆಯುತ್ತೀರಿ. ಬೇಯಿಸಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊರಗಿರದೆ ಫ್ರಿಜ್ ಸೇರಲಿ, ಮೂರ್ನಾಲ್ಕು ದಿನದೊಳಗೆ ಮುಗಿಯಲಿ. ಅಷ್ಟರಲ್ಲಿ ಮುಗಿಯದು ಅನಿಸಿದರೆ ಅವತ್ತೇ ಫ್ರೀಜರ್‌ಗೆ. ಮರುದಿನ ಉಳಿದದ್ದನ್ನು ತಿನ್ನುವುದಾದರೆ ಅದೇ ಊಟವಾಗಲಿ. ಮಾಮೂಲಿ ಊಟ ಮಾಡಿ, ಮೇಲೆ ಅದನ್ನೂ ತಿಂದರೆ ಎರಡು ಊಟ.

ಎಸೆಯಲು ಮನಸ್ಸು ಬಾರದೆ ತಿನ್ನುವವರಿಗೆ ಒಂದು ಮಾತು: ಬೇಡದೆ ತಿಂದದ್ದೂ ದಂಡವೇ. ಮುಂದಿನ ಸಲ ಕಡಿಮೆ ಮಾಡುವುದೇ ಇದಕ್ಕೆ ಪರಿಹಾರ.

ಹೆಜ್ಜೆ 9: ಓಡಾಟ, ನಿದ್ದೆ

ತಿಂದದ್ದನ್ನೆಲ್ಲ ಜಿಮ್‌ನಲ್ಲಿ ಕರಗಿಸುತ್ತೇನೆ ಅನ್ನುವ ನಂಬಿಕೆ ಬಿಡಿ. 70 ಕೆಜಿಯವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಅಂದಾಜು 120ರಿಂದ 150 ಕ್ಯಾಲೊರಿ. ಒಂದು ಕ್ಯಾನ್ ಕೋಲಾಕ್ಕೆ ಅದು ಸರಿಹೋಯಿತು. ಆದರೆ ಮೊದಲು ಹಾಕಿದ ಲೆಕ್ಕ ನೆನಪಿದೆಯಲ್ಲ, ದಿನಕ್ಕೆ 60, 70 ಕ್ಯಾಲೊರಿಯದ್ದು? ಆ ಲೆಕ್ಕಕ್ಕೆ ದಿನಾ ಇಪ್ಪತ್ತು ನಿಮಿಷದ ನಡಿಗೆ ಸಾಕು. ರಜೆಯಲ್ಲಿ ಆಫೀಸಿಗೆ ಹೋಗಿಬರುವ ನಡಿಗೆಯೂ ತಪ್ಪಿ, ಸೋಫಾದಿಂದ ಡೈನಿಂಗ್ ಟೇಬಲ್‌ಗೆ ಅಷ್ಟೇ ಪ್ರಯಾಣ ಆಗಿರುತ್ತದೆ. ಹಾಗಾಗಿ ಊಟವಾದ ತಕ್ಷಣ ಮಲಗದೆ ಮನೆಮಂದಿಯನ್ನೆಲ್ಲ ಎಬ್ಬಿಸಿಕೊಂಡು ಹತ್ತು ಹದಿನೈದು ನಿಮಿಷ ಹೊರಗೆ ಅಡ್ಡಾಡಿ ಬನ್ನಿ. ಊಟದ ನಂತರದ ನಡಿಗೆ ರಕ್ತದಲ್ಲಿ ಸಕ್ಕರೆ ಏಕ್‌ದಮ್ ಏರುವುದನ್ನೂ ತಗ್ಗಿಸುತ್ತದೆ.

ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಡಿಮೆ ನಿದ್ದೆ ಮಾಡುತ್ತಿದ್ದ 80 ಜನರಲ್ಲಿ ಒಂದು ಗುಂಪಿನವರ ನಿದ್ದೆಯನ್ನು ರಾತ್ರಿಗೆ ಸುಮಾರು 1.2 ಗಂಟೆ ಹೆಚ್ಚಿಸಿದಾಗ, ಯಾವ ಡಯಟ್ ಹೇಳದೆಯೂ ಇನ್ನೊಂದು ಗುಂಪಿಗೆ ಹೋಲಿಸಿದರೆ ಅವರು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಹಬ್ಬದ ದಿನಗಳಲ್ಲಿ ಮಧ್ಯರಾತ್ರಿವರೆಗೆ ಹರಟೆ, ಬೆಳಿಗ್ಗೆ ಬೇಗ ಏಳುವುದು. ಹರಟೆ ಬಿಡಿ ಅಂತ ಹೇಳುವಷ್ಟು ಕಟುಕ ನಾನಲ್ಲ. ಗುರುತು ಇಲ್ಲದ ದಿನಗಳಲ್ಲಾದರೂ ಹೊತ್ತಿಗೆ ಮಲಗಿ.

ಪ್ರಯಾಣದಲ್ಲಿ ಜಾಸ್ತಿ ಹೇಳುವುದೇನಿಲ್ಲ. ಬ್ಯಾಗಿನಲ್ಲಿ ನೀರು, ಎರಡು ಹಣ್ಣು, ಒಂದು ಹಿಡಿ ಬೀಜ ಇರಲಿ. ಬೇಸರಕ್ಕೆ ತಿನ್ನುವುದು ಬಸ್ಸು ರೈಲಿನಲ್ಲೇ ಹೆಚ್ಚು.

ಹೆಜ್ಜೆ 10: ಮರುದಿನ, ಮತ್ತು ಸೀಸನ್ ಮುಗಿದ ಮೇಲೆ

ಹಬ್ಬದ ಮರುದಿನ ಉಪವಾಸ ಬೇಡ, ನಿಂಬೆರಸದ ನೀರು ಕುಡಿದು ಶುದ್ಧಿ ಮಾಡುವುದೂ ಬೇಡ. ಆ ಕೆಲಸಕ್ಕೆ ಲಿವರ್ ಕಿಡ್ನಿ ಇವೆ. ಬೆಳಿಗ್ಗೆ ಹಸಿವಾಗುವವರೆಗೆ ಕಾಯಿರಿ, ಹಸಿವಾದಾಗ ಮಾಮೂಲಿ ತಿಂಡಿ ತಿನ್ನಿ, ನೀರು ಚೆನ್ನಾಗಿ ಕುಡಿಯಿರಿ, ನಡೆಯಿರಿ. ರಾತ್ರಿ ತಿಂದದ್ದಕ್ಕೆ ಬೆಳಿಗ್ಗೆ ತನ್ನನ್ನು ತಾನು ಶಿಕ್ಷಿಸಿಕೊಂಡವರು ಸಂಜೆ ಅದೇ ಡಬ್ಬಿಯ ಮುಂದೆ ಇರುತ್ತಾರೆ.

ಕೊನೆಯ ಹಬ್ಬ ಮುಗಿದು ಒಂದು ವಾರ ಆದ ಮೇಲೆ ತೂಕ ನೋಡಿ, ಶುರುವಿನಲ್ಲಿ ಬರೆದಿಟ್ಟದ್ದರ ಪಕ್ಕ ಬರೆಯಿರಿ. ಅರ್ಧ ಕೆಜಿ ಒಳಗೆ ವ್ಯತ್ಯಾಸ ಇದ್ದರೆ ಇನ್ನೊಂದು ವಾರ ನೋಡಿ, ದಿನದಿಂದ ದಿನಕ್ಕೆ ಅಷ್ಟು ಹಿಂದೆಮುಂದೆ ಆಗುವುದು ಸಹಜ. ಅದಕ್ಕಿಂತ ಜಾಸ್ತಿ ಇದ್ದು, ಎರಡನೇ ವಾರವೂ ಹಾಗೇ ನಿಂತಿದ್ದರೆ ಈಗಲೇ ಕೈಹಾಕಿ. ದಿನಕ್ಕೆ 250ರಿಂದ 300 ಕ್ಯಾಲೊರಿ ಕಡಿಮೆಯಾದರೆ ಅರ್ಧ ಕೆಜಿ ಸುಮಾರು ಎರಡು ವಾರದಲ್ಲಿ ಹೋಗುತ್ತದೆ. ಸಂಜೆಯ ಕುರುಕಲು, ಒಂದು ಸಿಹಿ ಪಾನೀಯ ಬಿಟ್ಟು ಅರ್ಧ ಗಂಟೆ ನಡೆದರೆ ಆ ಲೆಕ್ಕ ಸರಿಹೋಗುತ್ತದೆ. ಒಂದು ಕೆಜಿ ಆದರೆ ನಾಲ್ಕು ವಾರ. ಮನೆಯಲ್ಲಿ ಇನ್ನೂ ಉಳಿದಿರುವ ಡಬ್ಬಿಗಳನ್ನು ಅದಕ್ಕೆ ಮೊದಲು ಹೊರಗೆ ಕಳಿಸಿ.